ಕೇಳಬಾರದ ಪ್ರಶ್ನೆಯನ್ನು ಕೇಳಿದವರು

ಸ್ತ್ರೀಪುರುಷರ ಕಾಮಜೀವನವನ್ನು ಕುರಿತು ಧರ್ಮಶಾಸ್ತ್ರ, ಕಾನೂನು, ನೀತಿಗ್ರಂಥಗಳು ಬಹುಕಾಲದಿಂದ ಮಾತನಾಡುತ್ತ ಬಂದಿವೆ. ಅವು ಹೇಳುವುದು ಜನ ಹೇಗೆ ನಡೆಯಬೇಕೆಂಬುದನ್ನು. ಜನ ನಿಜವಾಗಿ ಹೇಗೆ ನಡೆಯುತ್ತಾರೆಂಬುದು ಬೇರೆಯೇ ಪ್ರಶ್ನೆ. ಅದನ್ನು ವಿಜ್ಞಾನ ಕ್ರಮವಾಗಿ ಕೈಗೆತ್ತಿಕೊಂಡು ಪೂರ್ತಿ ನೂರೈವತ್ತು ವರ್ಷಗಳೂ ಆಗಿಲ್ಲ. ಬೆಟ್ಟದ ಎತ್ತರವನ್ನು ಅಳೆಯಲು ಬೆಟ್ಟದ ಅಪ್ಪಣೆ ಬೇಕಿಲ್ಲ. ಇಲ್ಲಿಯಾದರೋ ಮನುಷ್ಯನೇ ಬಾಯಿಬಿಟ್ಟು ಹೇಳಬೇಕು. ನಾಚಿಕೆ, ಭಯ, ಹೆಮ್ಮೆ ಈ ಮೂರೂ ಅವನ ಬಾಯಿ ಕಟ್ಟುತ್ತವೆ, ಇಲ್ಲವೆ ಸುಳ್ಳಾಡಿಸುತ್ತವೆ. ಆದ್ದರಿಂದ ಈ ಶಾಸ್ತ್ರದ ಚರಿತ್ರೆ ಬಹುಮಟ್ಟಿಗೆ ಪ್ರಶ್ನೆ ಕೇಳುವ ಬಗೆಯ ಚರಿತ್ರೆ.

ಮೊದಲು ಈ ಕೆಲಸಕ್ಕೆ ಇಳಿದವರು ವೈದ್ಯರು. ಮನೋವೈದ್ಯ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ 1886ರಲ್ಲಿ ಪ್ರಕಟಿಸಿದ ಗ್ರಂಥದ ಸಾಮಗ್ರಿ ಬಹುಪಾಲು ಬಂದದ್ದು ಆಸ್ಪತ್ರೆಗಳಿಂದ ಮತ್ತು ನ್ಯಾಯಾಲಯಗಳಿಂದ. ರೋಗಿಗಳನ್ನೂ ಆಪಾದಿತರನ್ನೂ ಮಾತ್ರ ನೋಡಿದವರಿಗೆ ಲೋಕವೆಲ್ಲ ರೋಗವಾಗಿ, ಅಪರಾಧವಾಗಿ ಕಂಡರೆ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಹ್ಯಾವ್‌ಲಾಕ್ ಎಲಿಸ್ ಸಾಮಾನ್ಯ ಜನರು ತಾವೇ ಬರೆದುಕೊಟ್ಟ ಜೀವನವೃತ್ತಾಂತಗಳನ್ನು ಸಂಗ್ರಹಿಸಿದರು. ಅಲ್ಲಿ ವಿಶಾಲವಾದ ದೃಷ್ಟಿ ಇತ್ತು. ಆದರೆ ಎಣಿಕೆ ಇರಲಿಲ್ಲ.

ಎಣಿಕೆಗೆ ಕೈಹಾಕಿದವರು ಬರ್ಲಿನ್ನಿನ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್. ಸುಮಾರು 1903-04ರಲ್ಲಿ ಅವರು ತಾಂತ್ರಿಕ ವಿದ್ಯಾರ್ಥಿಗಳಿಗೂ ಲೋಹಕಾರ್ಮಿಕರಿಗೂ ಪ್ರಶ್ನಾವಳಿಯನ್ನು ಅಂಚೆಯಲ್ಲಿ ಕಳುಹಿಸಿದರು. ಕೇಳಿದ್ದೇ ಅವಮಾನವೆಂದು ಕೆಲವು ವಿದ್ಯಾರ್ಥಿಗಳು ದೂರು ಕೊಟ್ಟರು. ನ್ಯಾಯಾಲಯ ವೈದ್ಯರಿಗೆ ದಂಡ ವಿಧಿಸಿತು. ಅವರು ಹಿಂಜರಿಯಲಿಲ್ಲ. 1919ರಲ್ಲಿ ಬರ್ಲಿನ್ನಿನಲ್ಲಿ ಸಂಶೋಧನ ಸಂಸ್ಥೆಯನ್ನೇ ತೆರೆದರು. ಅಲ್ಲಿ ಚಿಕಿತ್ಸೆ, ಸಲಹೆ, ಗ್ರಂಥಭಂಡಾರ ಎಲ್ಲವೂ ಇದ್ದವು. 1931ರಲ್ಲಿ ವಿಶ್ವಪ್ರವಾಸದ ನಡುವೆ ಅವರು ಭಾರತಕ್ಕೂ ಬಂದಿದ್ದರು. ಆದರೆ ತಾಯ್ನಾಡಿಗೆ ಮರಳಲಾಗಲಿಲ್ಲ. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿದರು. ಮೇ 10ರ ರಾತ್ರಿ ಅಲ್ಲಿನ ಪುಸ್ತಕಗಳನ್ನು ನಡುಬೀದಿಯಲ್ಲಿ ಸುಟ್ಟರು. ತಮ್ಮ ಬಾಳಿನ ದುಡಿಮೆ ಬೂದಿಯಾಗುವುದನ್ನು ಹಿರ್ಷ್‌ಫೆಲ್ಡ್ ಕಂಡದ್ದು ಪ್ಯಾರಿಸ್ಸಿನ ಚಿತ್ರಮಂದಿರವೊಂದರ ವಾರ್ತಾಚಿತ್ರದಲ್ಲಿ. 1935ರಲ್ಲಿ ಅವರು ಫ್ರಾನ್ಸಿನಲ್ಲೇ ತೀರಿಕೊಂಡರು.

ಕಡಿದ ಎಳೆಯನ್ನು ಮತ್ತೆ ಹಿಡಿದವರು ಅಮೆರಿಕದ ಆಲ್‌ಫ್ರೆಡ್ ಕಿನ್ಸೆ. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಓಕ್ ಮರದ ಎಲೆಗಳಲ್ಲಿ ಗಂಟು ಕಟ್ಟಿಸುವ ಸಣ್ಣ ಕಣಜಗಳನ್ನು ಲಕ್ಷಗಟ್ಟಲೆ ಕೂಡಿಟ್ಟು ಅಳೆದವರು. 1938ರಲ್ಲಿ ಇಂಡಿಯಾನ ವಿಶ್ವವಿದ್ಯಾನಿಲಯವು ವಿವಾಹವನ್ನು ಕುರಿತ ಪಾಠಮಾಲೆಯನ್ನು ಅವರಿಗೆ ಒಪ್ಪಿಸಿತು. ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಿಗೆ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಕಣಜಗಳಲ್ಲಿ ಯಾವ ಎರಡೂ ಒಂದೇ ತೆರನಲ್ಲವೆಂದು ಕಂಡಿದ್ದ ಅವರು ಮನುಷ್ಯರನ್ನೂ ಹಾಗೆಯೇ ಒಬ್ಬೊಬ್ಬರಾಗಿ ಕಂಡು ಕೇಳತೊಡಗಿದರು.

ಅವರ ಸಂದರ್ಶನದ ಕ್ರಮವನ್ನು ಇಂದಿಗೂ ಗಮನಿಸಬೇಕು. ಒಬ್ಬೊಬ್ಬರಿಗೂ ಸುಮಾರು 300 ಪ್ರಶ್ನೆಗಳು. ಅವೆಲ್ಲ ಸಂದರ್ಶಕನಿಗೆ ಬಾಯಿಪಾಠವಾಗಿರಬೇಕು. ಕಾಗದ ನೋಡಿ ಓದುವವನ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲವೆಂದು ಕಿನ್ಸೆ ಬಲ್ಲರು. “ಇಂಥದ್ದನ್ನು ನೀವು ಮಾಡಿದ್ದುಂಟೆ?” ಎಂದು ಕೇಳದೆ “ಮೊದಲು ಯಾವಾಗ ಮಾಡಿದಿರಿ?” ಎಂದು ಕೇಳುತ್ತಿದ್ದರು, ಇಲ್ಲವೆನ್ನುವ ಭಾರ ಉತ್ತರ ಕೊಡುವವರ ಮೇಲೆ ಬೀಳುತ್ತಿತ್ತು. ಉತ್ತರಗಳನ್ನು ಒಂದೇ ಹಾಳೆಯಲ್ಲಿ ಗುಪ್ತ ಸಂಕೇತಗಳಲ್ಲಿ ಗುರುತಿಸಿಕೊಳ್ಳುತ್ತಿದ್ದರು. ಆ ಸಂಕೇತದ ಕೀಲಿಯನ್ನು ಎಲ್ಲಿಯೂ ಬರೆದಿಡಲಿಲ್ಲ. ಅದಿದ್ದುದು ಕೆಲವೇ ಸಹೋದ್ಯೋಗಿಗಳ ನೆನಪಿನಲ್ಲಿ. ಹೀಗೆ ಸುಮಾರು 18,000 ಜನರ ವೃತ್ತಾಂತ ಕೂಡಿತು. ಪುರುಷರನ್ನು ಕುರಿತ ಸಂಪುಟ 1948ರಲ್ಲಿ, ಸ್ತ್ರೀಯರನ್ನು ಕುರಿತದ್ದು 1953ರಲ್ಲಿ ಹೊರಬಂದವು. ನಡೆಗೂ ನುಡಿಗೂ ಇದ್ದ ಅಂತರವನ್ನು ಕಂಡು ದೇಶವೇ ಬೆಚ್ಚಿತು. 1954ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಧನಸಹಾಯ ನಿಂತಿತು. ಎರಡು ವರ್ಷಗಳಲ್ಲಿ ಕಿನ್ಸೆ ತೀರಿಕೊಂಡರು.

ಅವರ ಮೇಲಿನ ಟೀಕೆಯೆಲ್ಲ ಮಡಿವಂತರದ್ದೇ ಎಂದು ತಿಳಿಯಬಾರದು. ಕಾಕ್ರನ್, ಮೊಸ್ಟೆಲರ್, ಟ್ಯೂಕಿ ಎಂಬ ಮೂವರು ಘನ ಸಂಖ್ಯಾಶಾಸ್ತ್ರಜ್ಞರು ಅವರ ಕೆಲಸವನ್ನು ಪರಿಶೀಲಿಸಿ, ಸಂದರ್ಶನದ ಕುಶಲತೆಯನ್ನು ಮೆಚ್ಚಿದರೂ ಮಾದರಿಯ ಆಯ್ಕೆಯಲ್ಲಿ ದೋಷವಿದೆಯೆಂದರು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡಬಹುದು. ಪಾತ್ರೆಯನ್ನೆಲ್ಲ ಕಲಕಿದ್ದರೆ ಮಾತ್ರ ಆ ಪರೀಕ್ಷೆ ಸರಿ. ಕಿನ್ಸೆಗೆ ಸಿಕ್ಕವರು ತಾವಾಗಿ ಮುಂದೆ ಬಂದವರು, ಸಂಘಸಂಸ್ಥೆಗಳವರು, ಗಮನಾರ್ಹ ಸಂಖ್ಯೆಯ ಸೆರೆವಾಸಿಗಳು. ಹೇಳಲು ಒಪ್ಪುವವರು ಒಪ್ಪದವರಿಗಿಂತ ನಡತೆಯಲ್ಲೂ ಭಿನ್ನರಾಗಿರಬಹುದೆಂದು ಮನೋವಿಜ್ಞಾನಿ ಏಬ್ರಹಾಂ ಮ್ಯಾಸ್ಲೋ 1952ರಲ್ಲಿ ಸಹಲೇಖಕರೊಡನೆ ತೋರಿಸಿದರು. ಇದಕ್ಕಿಂತ ಗಂಭೀರವಾದ ಮಾತೊಂದುಂಟು. ಮಕ್ಕಳನ್ನು ಕುರಿತ ಕೆಲವು ಕೋಷ್ಟಕಗಳಿಗೆ ಆಧಾರ, ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಒಬ್ಬನೇ ವ್ಯಕ್ತಿ ಇಟ್ಟ ದಾಖಲೆಯೆಂದು 1990ರ ದಶಕದಲ್ಲಿ ಆ ಸಂಸ್ಥೆಯ ನಿರ್ದೇಶಕರೇ ತಿಳಿಸಿದರು. ಗುಟ್ಟು ಕಾಯುವೆನೆಂಬ ಮಾತು ಅಪರಾಧಕ್ಕೆ ಮರೆಯಾಗಬಾರದು. ಸಂಶೋಧಕನ ಧರ್ಮಕ್ಕೆ ಇದೊಂದು ಎಲ್ಲೆ.

ಮಾತನ್ನು ನೆಚ್ಚದೆ ದೇಹವನ್ನೇ ಅಳೆದವರೂ ಉಂಟು. ಸೇಂಟ್ ಲೂಯಿ ನಗರದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯ ಜಾನ್ಸನ್ 382 ಸ್ತ್ರೀಯರನ್ನೂ 312 ಪುರುಷರನ್ನೂ ಪ್ರಯೋಗಶಾಲೆಯಲ್ಲಿ ಗಮನಿಸಿ, ನಾಡಿ, ಉಸಿರು, ರಕ್ತದೊತ್ತಡಗಳ ಏರಿಳಿತವನ್ನು ದಾಖಲಿಸಿ 1966ರಲ್ಲಿ ಪ್ರಕಟಿಸಿದರು. ದಾಂಪತ್ಯದ ತೊಡಕುಗಳ ಚಿಕಿತ್ಸೆಗೆ ಇದರಿಂದ ದಾರಿಯಾಯಿತು. ಆದರೆ ಪ್ರಯೋಗಶಾಲೆಗೆ ಬರಲು ಒಪ್ಪುವವರು ಎಷ್ಟು ಮಂದಿ? ಆಯ್ಕೆಯ ತೊಡಕು ಅಲ್ಲಿಯೂ ತಪ್ಪಲಿಲ್ಲ.

1980ರ ದಶಕದಲ್ಲಿ ಏಡ್ಸ್ ಬಂತು. ರೋಗ ಎಷ್ಟು ವೇಗವಾಗಿ ಹಬ್ಬೀತೆಂದು ಲೆಕ್ಕಹಾಕಲು ಕುಳಿತವರ ಕೈಯಲ್ಲಿ ನಂಬತಕ್ಕ ಅಂಕಿಗಳಿರಲಿಲ್ಲ. ನಾಚಿಕೆಯ ಬೆಲೆಯನ್ನು ಪ್ರಾಣದಿಂದ ತೆರುವ ಕಾಲ ಬಂದಿತ್ತು. ಆದರೂ ಬ್ರಿಟನ್ನಿನ ಸರ್ಕಾರ 1989ರಲ್ಲಿ ರಾಷ್ಟ್ರೀಯ ಸಮೀಕ್ಷೆಗೆ ಹಣ ಕೊಡಲು ಒಪ್ಪಲಿಲ್ಲ. ವೆಲ್‌ಕಮ್ ಟ್ರಸ್ಟ್ ನೆರವಿನಿಂದ 18,876 ಜನರನ್ನು ಕೇಳಲಾಯಿತು. ಅಮೆರಿಕದಲ್ಲಿಯೂ ಸರ್ಕಾರದ ಹಣ ತಪ್ಪಿ, ಖಾಸಗಿ ಪ್ರತಿಷ್ಠಾನಗಳ ನೆರವಿನಿಂದ 1992ರಲ್ಲಿ 3,432 ಜನರ ಸಮೀಕ್ಷೆ ನಡೆಯಿತು. ಎರಡೂ ಕಡೆ ಆಯ್ಕೆ ನಡೆದದ್ದು ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಬಿಡದೆ. ಸೂಕ್ಷ್ಮ ಪ್ರಶ್ನೆಗಳಿಗೆ ಜನ ಉತ್ತರವನ್ನು ತಾವೇ ಬರೆದು ಲಕೋಟೆಯಲ್ಲಿಟ್ಟು ಮುಚ್ಚಿಕೊಟ್ಟರು. ಕಿನ್ಸೆ ಅವರ ಅಂಕಿಗಳನ್ನು ಅವಸರದಲ್ಲಿ ಇಡೀ ನಾಡಿಗೆ ಅನ್ವಯಿಸಿದ್ದು ತಪ್ಪೆಂದು ಹಲವೆಡೆ ತಿಳಿದುಬಂದಿತು.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. ಏಡ್ಸ್ ತಡೆಯುವ ಕಾರ್ಯದಲ್ಲಿ ಇಲ್ಲಿ ‘ಮತಗಟ್ಟೆ ಸಮೀಕ್ಷೆ’ ಎಂಬ ವಿಧಾನವನ್ನು ಬಳಸಲಾಯಿತು. ಹತ್ತಾರು ಜನರನ್ನು ಒಟ್ಟಿಗೆ ಕೂರಿಸಿ, ಒಬ್ಬೊಬ್ಬರಿಗೂ ಮತಗಟ್ಟೆಯಂತೆ ಮರೆ ಮಾಡಿಕೊಡುತ್ತಾರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಲಾಗುತ್ತದೆ. ಅವರವರು ಮರೆಯಲ್ಲಿ ಹೌದು ಅಥವಾ ಅಲ್ಲ ಎಂಬ ಪೆಟ್ಟಿಗೆಗೆ ಚೀಟಿ ಹಾಕುತ್ತಾರೆ. ಓದುಬರಹ ಬೇಕಿಲ್ಲ, ಹೆಸರೂ ಬೇಕಿಲ್ಲ. ಎದುರುಬದುರು ಕೂತು ಕೇಳಿದಾಗ ‘ಅಲ್ಲ’ ಎಂದು ಬಂದ ಎಷ್ಟೋ ಉತ್ತರಗಳು ಈ ಬಗೆಯಲ್ಲಿ ‘ಹೌದು’ ಎಂದು ಬಂದವು. ಇದನ್ನು ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಚುನಾವಣೆಯ ಅಭ್ಯಾಸವಿದ್ದ ಜನರಿಗೆ ಗುಟ್ಟಿನ ಮತದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಇಷ್ಟಾದರೂ ಒಂದು ಸರಳ ಲೆಕ್ಕ ಸಂಶೋಧಕರನ್ನು ಅಣಕಿಸುತ್ತಲೇ ಇದೆ. ಒಂದು ನಾಡಿನ ಪುರುಷರು ಹೇಳುವ ಸ್ತ್ರೀಸಂಗಾತಿಗಳ ಒಟ್ಟು ಸಂಖ್ಯೆಯೂ ಸ್ತ್ರೀಯರು ಹೇಳುವ ಪುರುಷಸಂಗಾತಿಗಳ ಒಟ್ಟು ಸಂಖ್ಯೆಯೂ ಹೆಚ್ಚುಕಡಮೆ ಸಮವಾಗಿರಬೇಕು. ಸಮೀಕ್ಷೆಗಳಲ್ಲಿ ಪುರುಷರ ಸಂಖ್ಯೆಯೇ ಮತ್ತೆ ಮತ್ತೆ ಹೆಚ್ಚಾಗಿ ಬರುತ್ತದೆ. ಮಾದರಿಯಿಂದ ಹೊರಗುಳಿದವರೂ ನೆನಪಿನ ದೋಷವೂ ಇದಕ್ಕೆ ಸ್ವಲ್ಪ ಕಾರಣ. ಒಬ್ಬರ ಹೆಮ್ಮೆ, ಇನ್ನೊಬ್ಬರ ಸಂಕೋಚವೂ ಕಾರಣವೆಂದು ಊಹಿಸಬಹುದು. ಹೆಣ್ಣಿಗೊಂದು ನೀತಿ, ಗಂಡಿಗೊಂದು ನೀತಿ ಇರುವವರೆಗೆ ಆ ಎರಡು ಮೊತ್ತಗಳು ಕೂಡಿಬರುವುದು ಕಷ್ಟ.