ಗೋಮಾಳದಲ್ಲಿ ಕಲಿತ ಗಾಲ್ಫ್

ಹ್ಯಾರಿ ವಾರ್ಡನ್‌ಗೆ ಗಾಲ್ಫ್ ಹೇಳಿಕೊಟ್ಟ ಮೇಷ್ಟ್ರು ಅಂತ ಯಾರೂ ಇರಲಿಲ್ಲ. 1870ರಲ್ಲಿ ಜೆರ್ಸಿ ದ್ವೀಪದ ಗ್ರೂವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ, ತೋಟದ ಮಾಲಿಯ ಮಗ. ಅವನಿಗೆ ಏಳೆಂಟು ವರ್ಷವಾಗಿದ್ದಾಗ ಯಾರೋ ಹೊರಗಿನವರು ಬಂದು ಊರ ಗೋಮಾಳದಲ್ಲೇ ಗಾಲ್ಫ್ ಮೈದಾನ ಮಾಡಿಕೊಂಡರು. ಹುಡುಗರಿಗೆ ಆಟದ ಕೋಲುಗಳ, ಅಂದರೆ ಕ್ಲಬ್‌ಗಳ, ಚೀಲ ಹೊರುವ ಕೆಲಸ ಸಿಕ್ಕಿತು. ಹೊತ್ತರು, ನೋಡಿದರು, ನೋಡಿದ್ದನ್ನು ತಾವೂ ಆಡಬೇಕೆನಿಸಿತು. ಕ್ಲಬ್ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಓಕ್ ಮರದ ತುಂಡನ್ನು ಕೆತ್ತಿ ತಲೆ ಮಾಡಿದರು, ಕಾಯಿಸಿದ ಸರಳಿನಿಂದ ಅದಕ್ಕೆ ತೂತು ಕೊರೆದು ಮುಳ್ಳುಗಿಡದ ಕೋಲು ಸಿಕ್ಕಿಸಿದರು. ಚೆಂಡಿನ ಬದಲು ದೊಡ್ಡ ಬಿಳಿ ಗೋಲಿ. ತಾವೇ ನಾಲ್ಕು ಕುಳಿಗಳ ಮೈದಾನ ಗುರುತು ಮಾಡಿಕೊಂಡು ಬೆಳದಿಂಗಳಲ್ಲೂ ಆಡುತ್ತಿದ್ದರು. ಇದನ್ನೆಲ್ಲ ವಾರ್ಡನ್ 1905ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅಷ್ಟರಲ್ಲಿ ಅವನು ಬ್ರಿಟಿಷ್ ಓಪನ್ ನಾಲ್ಕು ಸಲ ಗೆದ್ದಾಗಿತ್ತು. ಆಮೇಲೆ ಇನ್ನೆರಡು ಸಲ ಗೆದ್ದ.

ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳಿನ ಮೇಲೆ ಕೂರಿಸಿ ಹಿಡಿಯುವುದಕ್ಕೆ ಇವತ್ತಿಗೂ ವಾರ್ಡನ್ ಗ್ರಿಪ್ ಅನ್ನುತ್ತಾರೆ. ಅವನಿಗೂ ಮುಂಚೆ ಸ್ಕಾಟ್ಲೆಂಡಿನ ಜಾನಿ ಲೇಡ್ಲೆ ಹಾಗೆ ಹಿಡಿಯುತ್ತಿದ್ದ. ಆದರೆ ಹೆಸರು ಗೆದ್ದವನಿಗೇ ಉಳಿಯಿತು, ಎಂದಿನಂತೆ.

1913ರ ಅಮೆರಿಕನ್ ಓಪನ್ ಕಥೆಯನ್ನು ನನ್ನ ಬಳಿ ಗಾಲ್ಫ್ ಕಲಿಯಲು ಬರುವ ದೊಡ್ಡ ಹುಡುಗರಿಗೆ ತಪ್ಪದೆ ಹೇಳುತ್ತೇನೆ. ಬ್ರೂಕ್ಲೈನ್‌ನಲ್ಲಿ ವಾರ್ಡನ್, ಜೆರ್ಸಿ ಕಡೆಯವನೇ ಆದ ಟೆಡ್ ರೇ, ಇಪ್ಪತ್ತು ವರ್ಷದ ಫ್ರಾನ್ಸಿಸ್ ವೀಮೆ, ಮೂವರೂ ಸಮ ನಿಂತರು. ವೀಮೆ ಮನೆ ಅದೇ ಮೈದಾನದ ಎದುರು ರಸ್ತೆಯಲ್ಲಿ. ಅವನೂ ಕ್ಯಾಡಿಯಾಗಿ ಚೀಲ ಹೊತ್ತವನು. ಅಣ್ಣನ ಜೊತೆ ಮನೆ ಹಿಂದಿನ ಹುಲ್ಲುಗಾವಲಲ್ಲಿ ಟೊಮೆಟೊ ಡಬ್ಬ ಹೂತು ಮೂರು ಕುಳಿ ಮಾಡಿಕೊಂಡು ಕಲಿತವನು. ಮರುದಿನದ ಆಟದಲ್ಲಿ ಅವನದು 72, ವಾರ್ಡನ್‌ದು 77, ರೇದು 78. ಆ ದಿನ ವೀಮೆಯ ಚೀಲ ಹೊತ್ತಿದ್ದ ಎಡ್ಡಿ ಲೋವರಿಗೆ ಹತ್ತೇ ವರ್ಷ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳುವುದಕ್ಕೆ ನನಗೆ ಮಾದರಿ ಜಾಕ್ ಗ್ರೌಟ್. ಒಕ್ಲಹಾಮಾದವನು, ಅವನೂ ಚೀಲ ಹೊತ್ತೇ ಬಂದವನು. 1950ರಲ್ಲಿ ಒಹಾಯೊದ ಸಯೋಟೊ ಕ್ಲಬ್ಬಿಗೆ ಬಂದು ಶುಕ್ರವಾರ ಬೆಳಿಗ್ಗೆ ಮಕ್ಕಳ ತರಗತಿ ನಡೆಸಿದ. ಆ ಸಾಲಿನಲ್ಲಿ ಹತ್ತು ವರ್ಷದ ಜಾಕ್ ನಿಕ್ಲಾಸ್ ಇದ್ದ. ಗ್ರೌಟ್ ಹೇಳಿದ್ದು ತೀರಾ ಕಡಿಮೆ: ತಲೆ ಅಲ್ಲಾಡಬಾರದು, ಪಾದ ನೆಲ ಬಿಡದೆ ತೂಕ ಹೊರಳಬೇಕು, ತೋಳು ಪೂರ್ತಿ ಚಾಚಿ ಬೀಸಬೇಕು. ತಲೆ ಅಲ್ಲಾಡದಿರಲಿ ಅಂತ ಸಹಾಯಕನ ಕೈಯಲ್ಲಿ ಹುಡುಗನ ಕೂದಲು ಹಿಡಿಸಿ ಚೆಂಡು ಹೊಡೆಸಿದ. ನಿಕ್ಲಾಸ್ ಕಣ್ಣಲ್ಲಿ ನೀರು ಬಂತಂತೆ. (ಈಗ ಹಾಗೆ ಮಾಡಿದರೆ ಅಪ್ಪ-ಅಮ್ಮ ಠಾಣೆ ಮೆಟ್ಟಿಲೇರುತ್ತಾರೆ. ನಾನು ಮಕ್ಕಳ ಟೋಪಿಯನ್ನು ಮೆಲ್ಲಗೆ ಒತ್ತಿ ಹಿಡಿಯುತ್ತೇನೆ, ಅಷ್ಟೇ.) ಗ್ರೌಟ್ ಇನ್ನೊಂದು ಮಾತು ಹೇಳುತ್ತಿದ್ದ: ಮೊದಲು ಜೋರಾಗಿ ಹೊಡಿ, ದಿಕ್ಕನ್ನು ಆಮೇಲೆ ನೋಡಿಕೊಳ್ಳೋಣ. ಮೇಜರ್ ಅನ್ನುವ ದೊಡ್ಡ ಟೂರ್ನಿಗಳನ್ನು ಹದಿನೆಂಟು ಸಲ ಗೆದ್ದ ಮೇಲೂ ನಿಕ್ಲಾಸ್ ವರ್ಷದ ಆರಂಭಕ್ಕೆ ಗ್ರೌಟ್ ಮುಂದೆ ನಿಂತು ಮೊದಲಿಂದ ಹೇಳಿಕೊಡಿ ಅಂತ ಕೇಳುತ್ತಿದ್ದ. 1989ರಲ್ಲಿ ಗ್ರೌಟ್ ತೀರಿಕೊಳ್ಳುವವರೆಗೂ ಇದು ನಡೆಯಿತು.

ನಮ್ಮ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಗ್ರೂವಿಲ್ ಹುಡುಗರು ಗೋಲಿ ಹೊಡೆಯುವುದಕ್ಕೂ ಮೊದಲೇ. ಇಲ್ಲೂ ಬಡಮಕ್ಕಳಿಗಿದ್ದ ಬಾಗಿಲು ಅದೇ, ಚೀಲ ಹೊರುವುದು, ಇಲ್ಲವೇ ಚೆಂಡು ಹೆಕ್ಕುವುದು. ಬಿಡದಿ ಕಡೆಯ ಚಿಕ್ಕರಂಗಪ್ಪ ಚೆಂಡು ಹೆಕ್ಕುತ್ತಾ ಆಟ ಕಲಿತು ಏಷ್ಯಾದ ಟೂರ್ನಿಗಳವರೆಗೆ ಹೋದರು. ಅದಿತಿ ಅಶೋಕ್ ಬಂದ ದಾರಿ ಬೇರೆ: ಐದು ವರ್ಷದ ಮಗು, ಅಪ್ಪ-ಅಮ್ಮನ ಜೊತೆ ತಿಂಡಿಗೆ ಹೋದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ರೇಂಜ್ ಕಣ್ಣಿಗೆ ಬಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದಾಗ ಚೀಲ ಹೊತ್ತಿದ್ದು ತಾಯಿ.

ನಾನೂ ಚೀಲ ಹೊತ್ತೇ ಕಲಿತವನು. ದೊಡ್ಡವರ ಮುರಿದ ಕ್ಲಬ್ಬನ್ನು ಗರಗಸದಲ್ಲಿ ಕೊಯ್ದು ಕೊಡುತ್ತಿದ್ದರು. ಉದ್ದ ಕಡಿಮೆಯಾದರೂ ತೂಕ ಹಾಗೇ, ಕೋಲು ಮೊದಲಿಗಿಂತ ಬಿರುಸು. ಅದನ್ನು ಎತ್ತಲು ಮೈಯೆಲ್ಲ ತಿರುಚಬೇಕು, ಆ ತಿರುಚು ದೊಡ್ಡವರಾದ ಮೇಲೂ ಬಿಡುವುದಿಲ್ಲ. ಈಗ ಮಗುವಿನ ಎತ್ತರಕ್ಕೆ ಹಗುರ ಕ್ಲಬ್‌ಗಳು ಸಿಗುತ್ತವೆ. ಗ್ರಿಪ್ ವಿಷಯದಲ್ಲೂ ನಾನು ಆತುರ ಪಡುವುದಿಲ್ಲ. ಆರು ವರ್ಷದ ಪುಟ್ಟ ಕೈಗೆ ವಾರ್ಡನ್ ಹಿಡಿತ ಒಗ್ಗುವುದಿಲ್ಲ, ಹತ್ತೂ ಬೆರಳಿನಿಂದ ಕ್ರಿಕೆಟ್ ಬ್ಯಾಟಿನ ಹಾಗೆ ಹಿಡಿಯಲಿ. ನಿಕ್ಲಾಸ್ ಕೂಡ ಸಣ್ಣ ಕೈಯವನು, ಕಡೆಯವರೆಗೂ ವಾರ್ಡನ್ ಹಿಡಿತದ ಬದಲು ಬೆರಳು ಹೆಣೆದೇ ಹಿಡಿದ. "ಚೆಂಡು ಎಲ್ಲೆಲ್ಲೋ ಹೋಗ್ತಿದೆಯಲ್ಲ ಸಾರ್" ಅನ್ನುವ ತಂದೆಯರಿಗೆ ಒಂದು ಬುಟ್ಟಿ ಕೊಟ್ಟು ಹೆಕ್ಕಲು ಕಳಿಸುತ್ತೇನೆ.