ಕೊಡಲಿಯ ಬಾಯಿ, ಕಮ್ಮಾರನ ಜ್ಞಾನ

ಮಧ್ಯಯುಗದ ಇತಿಹಾಸದಲ್ಲಿ ಖಡ್ಗಕ್ಕೆ ಸಿಕ್ಕಿದ ಕೀರ್ತಿ ಕೊಡಲಿಗೆ ಸಿಗಲಿಲ್ಲ. ಆದರೆ ಕಾಡನ್ನು ಹೊಲವಾಗಿಸಿದ್ದು, ಮನೆಗೆ ತೊಲೆಯನ್ನೂ ಒಲೆಗೆ ಸೌದೆಯನ್ನೂ ಒದಗಿಸಿದ್ದು ಕೊಡಲಿಯೇ.

ಅದರ ರಚನೆ ಸರಳವಾಗಿ ಕಂಡರೂ ಹಿಂದೆ ಆಳವಾದ ತಿಳಿವಿದೆ. ಮೆದು ಕಬ್ಬಿಣ ಪೆಟ್ಟನ್ನು ತಾಳಿಕೊಳ್ಳುತ್ತದೆ, ಆದರೆ ಬೇಗ ಮೊಂಡಾಗುತ್ತದೆ. ಗಡಸು ಉಕ್ಕು ಹರಿತವಾಗಿ ಉಳಿಯುತ್ತದೆ, ಆದರೆ ಪೆಟ್ಟಿಗೆ ಸಿಡಿಯುತ್ತದೆ. ಆದ್ದರಿಂದ ನುರಿತ ಕಮ್ಮಾರರು ಮೈಯನ್ನು ಮೆದು ಕಬ್ಬಿಣದಿಂದ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಸೌದೆ ಸೀಳುವ ಕೊಡಲಿ ಬೆಣೆಯಂತೆ ದಪ್ಪವಾಗಿರುತ್ತದೆ. ಪಾರಸಿಯಲ್ಲಿ ‘ತಬರ್’ ಎನಿಸಿದ ಯುದ್ಧದ ಕೊಡಲಿಯಾದರೋ ತೆಳುವು, ಹಗುರ. ಅದರ ಬಾಯಿ ಹಲವು ವೇಳೆ ಅರ್ಧಚಂದ್ರಾಕಾರ.

ಉಕ್ಕಿನ ವಿದ್ಯೆಯಲ್ಲಿ ದಕ್ಷಿಣ ಭಾರತ ಲೋಕಪ್ರಸಿದ್ಧವಾಗಿತ್ತು. ಭಾರತದ ಉಕ್ಕಿನ ಖಡ್ಗವನ್ನು ಅರಬರು ‘ಮುಹನ್ನದ್’ ಎಂದು ಕರೆದರು. ಯುರೋಪಿಯನ್ನರ ‘ವೂಟ್ಸ್’ ಎಂಬ ಪದವು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಈ ವಿದ್ಯೆ ಮಧ್ಯಯುಗದ ಬಳಿಕವೂ ಉಳಿದಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಗಳೊಡನೆ ಇಟ್ಟು, ಬಾಯಿ ಮುಚ್ಚಿ, ತಿದಿಯೂದಿ ಉಕ್ಕು ಮಾಡುವ ಬಗೆಯನ್ನು ದಾಖಲಿಸಿದ್ದಾನೆ. ಕಡ್ಡಿಯ ಇಂಗಾಲ ಸೇರಿದಾಗ ಕಬ್ಬಿಣ ಉಕ್ಕಾಗುತ್ತದೆ. ಇದನ್ನು ಬಲ್ಲವರು ಗ್ರಂಥ ಬರೆದವರಲ್ಲ, ಕುಲುಮೆಯ ಮುಂದೆ ಬೆವರಿದವರು.

ಪವಿತ್ರ ಕುರ್‌ಆನ್‌ನ ಒಂದು ಅಧ್ಯಾಯದ ಹೆಸರೇ ‘ಅಲ್ ಹದೀದ್’, ಅಂದರೆ ಕಬ್ಬಿಣ. ಅದರಲ್ಲಿ ಮಹಾ ಶಕ್ತಿಯೂ ಜನರಿಗೆ ಪ್ರಯೋಜನಗಳೂ ಇವೆಯೆಂದು ಅಲ್ಲಿ ತಿಳಿಸಲಾಗಿದೆ. ಆ ಪ್ರಯೋಜನವೇನೆಂಬುದನ್ನು ಅನಸ್(ರ) ವರದಿ ಮಾಡಿರುವ, ಅಬೂದಾವೂದ್‌ ಗ್ರಂಥದಲ್ಲಿರುವ ಒಂದು ಹದೀಸ್ ತೋರಿಸುತ್ತದೆ. ನೆರವು ಕೇಳಿ ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿದ್ದುದು ಒಂದು ಬಟ್ಟೆ ಮತ್ತು ಒಂದು ಬಟ್ಟಲು. ಪ್ರವಾದಿ(ಸ)ರವರು ಅವನ್ನು ಎರಡು ದಿರ್ಹಮಿಗೆ ಹರಾಜು ಹಾಕಿ, ಒಂದರಿಂದ ಮನೆಗೆ ಆಹಾರವನ್ನೂ ಇನ್ನೊಂದರಿಂದ ಕೊಡಲಿಯನ್ನೂ ಕೊಳ್ಳಲು ಹೇಳಿದರು. ಆ ಕೊಡಲಿಗೆ ತಮ್ಮ ಕೈಯಾರೆ ಕಾವು ಹಾಕಿಕೊಟ್ಟರು. ಸೌದೆ ಕಡಿದು ಮಾರಿದ ಆತ ಹದಿನೈದು ದಿನಗಳ ಬಳಿಕ ಹತ್ತು ದಿರ್ಹಮುಗಳೊಡನೆ ಮರಳಿದರು.

ಹೊಸ ತಿಪ್ಪಸಂದ್ರದ ನಮ್ಮ ಮನೆಗಳಲ್ಲಿ ಇಂದು ಸೌದೆಯ ಒಲೆಯಿಲ್ಲ. ಆದರೆ ವೆಲ್ಡಿಂಗ್ ಮಾಡುವ, ಗ್ಯಾರೇಜಿನಲ್ಲಿ ದುಡಿಯುವ ತಂದೆಯ ಕಸುಬನ್ನು ಹೇಳಲು ಸಂಕೋಚಪಡುವ ಮಕ್ಕಳಿದ್ದಾರೆ. ಪ್ರವಾದಿವರ್ಯರು(ಸ) ಕಾವು ಹಾಕಿಕೊಟ್ಟದ್ದು ಯುದ್ಧದ ಕೊಡಲಿಗಲ್ಲ, ದುಡಿಮೆಯ ಕೊಡಲಿಗೆ ಎಂಬುದನ್ನು ಆ ಮಕ್ಕಳಿಗೆ ತಿಳಿಸೋಣ.