ಏರು ಹತ್ತಿದ ಸೈಕಲ್ಲು

ಹೊಸೂರಿನಿಂದ ಶೂಲಗಿರಿ ಮೇಲೆ ಕೃಷ್ಣಗಿರಿಗೆ ಸೈಕಲ್ಲಿನಲ್ಲಿ ಹೋದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಹೋಗುವುದು ಸಲೀಸು, ಬರುವುದು ಪ್ರಯಾಸ. ಸುಮಾರು 50 ಕಿಲೋಮೀಟರ್ ದಾರಿಯಲ್ಲಿ ನೆಲ ಹೆಚ್ಚುಕಡಿಮೆ 400 ಮೀಟರ್ ಕೆಳಗಿಳಿಯುತ್ತದೆ. ಹಳೆಯ ಸೇಲಂ ಜಿಲ್ಲೆಯ ದಾಖಲೆಗಳಲ್ಲಿ ನಮ್ಮ ಹೊಸೂರು ಸೀಮೆಗೆ ಬಾಲಾಘಾಟ್, ಅಂದರೆ ಘಟ್ಟದ ಮೇಲಿನ ಸೀಮೆ, ಎಂದು ಹೆಸರು. ಕೃಷ್ಣಗಿರಿಯ ಕಡೆ ಬಾರಾಮಹಲ್. ಬಾರಾಮಹಲ್ 1792ರಲ್ಲಿ ಟಿಪ್ಪು ಸುಲ್ತಾನನಿಂದ ಇಂಗ್ಲಿಷರ ವಶವಾಯಿತು. ಹೊಸೂರು ಅವರಿಗೆ ಸೇರಿದ್ದು 1799ರಲ್ಲಿ. ನಡುವಿನ ಏಳು ವರ್ಷ ಎರಡು ಸರ್ಕಾರಗಳ ಗಡಿ ಈ ಏರಿನ ಆಸುಪಾಸಿನಲ್ಲೇ ಇತ್ತು.

ಘಟ್ಟ ಹತ್ತಿ ಮೇಲೆ ಬಂದರೆ ಬೆಂಗಳೂರಿನವರೆಗೆ ದೊಡ್ಡ ಏರಿಲ್ಲ. ಹೀಗೆ ಸಮತಟ್ಟು ನೆಲದಲ್ಲಿ ಸೈಕಲ್ ತುಳಿದು ರೂಢಿಯಾದವನು ಬೆಟ್ಟ ಹತ್ತುವುದನ್ನು ಎಲ್ಲಿ ಕಲಿಯಬೇಕು? ಈ ಪ್ರಶ್ನೆಗೆ ಸೈಕಲ್ಲಿನ ಚರಿತ್ರೆಯಲ್ಲಿ ಉತ್ತರವಿದೆ.

ಫ್ರಾನ್ಸ್ ದೇಶವನ್ನು ಸುತ್ತುವ ಹೆಸರಾಂತ ಸೈಕಲ್ ಪಂದ್ಯ, ಟೂರ್ ದ ಫ್ರಾನ್ಸ್, ಆರಂಭವಾದದ್ದು 1903ರಲ್ಲಿ. 1910ರಲ್ಲಿ ಅದನ್ನು 2115 ಮೀಟರ್ ಎತ್ತರದ ಟೂರ್ಮಲೆ ಕಣಿವೆಯ ಮೇಲೆ ಹಾಯಿಸಿದರು. ಆ ವರ್ಷ ಪಂದ್ಯ ಗೆದ್ದ ಲಾಪೀಜ್ ಕೂಡ ಅಲ್ಲಿ ಕೆಲವು ಕಡೆ ಇಳಿದು ಸೈಕಲ್ ತಳ್ಳಿದ. ಒಮ್ಮೆಯೂ ಕಾಲು ನೆಲಕ್ಕೆ ಊರದೆ ಏರಿದ ಗಾರಿಗೂ ಎಂಬಾತನಿಗೆ 100 ಫ್ರಾಂಕ್ ವಿಶೇಷ ಬಹುಮಾನ ಸಿಕ್ಕಿತು. ರಾಯಕೋಟೆ ದಾರಿಯಲ್ಲೋ ಅಂಚೆಟ್ಟಿ ಘಟ್ಟದಲ್ಲೋ ಮೂಟೆ ಹೇರಿದ ಸೈಕಲ್ಲನ್ನು ತಳ್ಳಿಕೊಂಡು ಬರುವ ನಮ್ಮವರು ನಾಚಬೇಕಾಗಿಲ್ಲ ನೋಡಿ.

ಆ ಕಾಲದ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕುತ್ತಿದ್ದರು. ಗಾಲಿಯ ಎರಡು ಮಗ್ಗುಲಲ್ಲೂ ಹಲ್ಲುಚಕ್ರವಿರುತ್ತಿತ್ತು. ಒಂದು ಬಯಲಿಗೆ, ಇನ್ನೊಂದು ಏರಿಗೆ. ಓಡುತ್ತಿರುವಾಗಲೇ ಚೈನನ್ನು ಸರಿಸುವ ಗೇರಿಗೆ ಆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ.

ಹಲ್ಲಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ, ಸುಮ್ಮನಿರದು! ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಎಂದಿಟ್ಟುಕೊಳ್ಳಿ. 28 ಅಂಗುಲದ ಗಾಲಿಯಾದರೆ ಪೆಡಲ್ ಒಂದು ಸುತ್ತಿಗೆ ಸುಮಾರು 18 ಅಡಿ ಸಾಗುತ್ತದೆ. ಹಿಂದೆ 22 ಹಲ್ಲು ಹಾಕಿದರೆ ಹದಿನಾಲ್ಕೂವರೆ ಅಡಿ ಚಿಲ್ಲರೆ. ದೂರ ಕಡಿಮೆಯಾದಷ್ಟು ಕಾಲಿನ ಭಾರವೂ ಇಳಿಯುತ್ತದೆ, ನೂರಕ್ಕೆ ಹದಿನೆಂಟರಷ್ಟು.

ಇನ್ನು ಅಭ್ಯಾಸದ ಮಾತು. ಹಾಲೆಂಡ್ ತಟ್ಟೆಯಂಥ ದೇಶ. ಆದರೂ 21 ತಿರುವುಗಳ ಆಲ್ಪ್ ದುಯೆಜ್ ಬೆಟ್ಟದ ಮೇಲೆ ಮುಗಿದ ಪಂದ್ಯಗಳನ್ನು 1976ರಿಂದ 1989ರ ಒಳಗೆ ಆ ದೇಶದವರು ಎಂಟು ಸಲ ಗೆದ್ದರು. ಅಲ್ಲಿ ಬೆಟ್ಟವಿಲ್ಲ, ಕಡಲ ಗಾಳಿ ಇದೆ. ಎದುರುಗಾಳಿಗೆ ಗಂಟೆಗಟ್ಟಲೆ ತುಳಿದ ಕಾಲಿಗೆ, ಎದೆಗೆ ಏರು ಹೊಸದಲ್ಲ. ನಮಗೇನು ಗಾಳಿಗೆ ಬರವೇ? ಆಡಿ ಕಾತ್ತಿಲ್ ಅಮ್ಮಿಯುಂ ಪರಕ್ಕುಂ ಎನ್ನುತ್ತಾರಲ್ಲ, ಅರೆಯುವ ಕಲ್ಲೂ ಹಾರುವ ಆ ಆಷಾಢದ ಗಾಳಿಯೇ ನಮ್ಮ ಗರಡಿ.

ಆದರೆ ಗಾಳಿಯೊಂದೇ ಸಾಲದು. ಬಯಲಲ್ಲಿ ಗಾಳಿ ತಡೆಯುತ್ತದೆ, ಏರಿನಲ್ಲಿ ತೂಕ ಹಿಂದಕ್ಕೆಳೆಯುತ್ತದೆ. ಸವಾರ, ಸೈಕಲ್ ಸೇರಿ 80 ಕಿಲೋ ಇದ್ದು, ದಾರಿ ನೂರು ಅಡಿಗೆ ಐದು ಅಡಿ ಏರುತ್ತಿದ್ದರೆ, ಎಳೆತ ಸುಮಾರು 4 ಕಿಲೋ. ಅದಕ್ಕೆ ಚಿಕ್ಕ ಏರೊಂದನ್ನೇ ಹಿಡಿದು ಹತ್ತು ಸಲ ಹತ್ತಿಳಿಯಬೇಕು. ಹೊಸೂರಿನವರಿಗೆ ಚಂದ್ರಚೂಡೇಶ್ವರನ ಬೆಟ್ಟದ ದಾರಿ ಊರಲ್ಲೇ ಇದೆ. ಬೆಂಗಳೂರಿನ ಹುಡುಗರು 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋಗುತ್ತಾರೆ. ಸಮುದ್ರದ ಮಟ್ಟದಲ್ಲಿರುವ ಚೆನ್ನೈನವರಿಗೆ 14 ಕೊಕ್ಕೆ ತಿರುವುಗಳ ಏಲಗಿರಿಯೂ ಒಂದು ಪಾಠಶಾಲೆ. ಬುಡದಲ್ಲೇ ಉಸಿರು ಖರ್ಚುಮಾಡಬಾರದು. ಮಾತಾಡಲು ಉಸಿರು ಉಳಿಯುವಷ್ಟು ನಿಧಾನಕ್ಕೆ ಹೊರಟವನೇ ತುದಿ ಮುಟ್ಟುತ್ತಾನೆ.

ಇದೆಲ್ಲ ಪಂದ್ಯದವರ ಮಾತು, ನಮಗೇಕೆ ಎನ್ನಬೇಡಿ. ತಮಿಳುನಾಡು ಸರ್ಕಾರ 2001ರ ಬಳಿಕ ಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಕರ್ನಾಟಕದಲ್ಲಿ 2006ರಲ್ಲಿ ಎಂಟನೆಯ ತರಗತಿಯವರಿಗೆ ಶುರುವಾಯಿತು. ಗಡಿಯ ಎರಡೂ ಕಡೆ ನಮ್ಮ ಹೆಣ್ಣುಮಕ್ಕಳು ಆ ಗೇರಿಲ್ಲದ ಸೈಕಲ್ಲುಗಳಲ್ಲೇ ದಿಣ್ಣೆ ಹತ್ತಿ ಹೈಸ್ಕೂಲಿಗೆ ಹೋದರು. ನಿಮ್ಮ ಮನೆಯ ಮಗುವಿನ ದಾರಿಯಲ್ಲಿ ಏರಿದ್ದರೆ ಸೈಕಲ್ ಅಂಗಡಿಯವರ ಹತ್ತಿರ ಹಿಂದಿನ ಹಲ್ಲು ಎಣಿಸಿ ನೋಡಿ. ನಾಲ್ಕು ಹಲ್ಲು ಹೆಚ್ಚಿನದು ಹಾಕಿಸಿ, ಬೇಕಾದರೆ ಚೈನಿಗೆ ಒಂದೆರಡು ಕೊಂಡಿ ಸೇರಿಸಿ. ಇಳಿಜಾರಿಗಾಗಿ ಬ್ರೇಕಿನ ರಬ್ಬರನ್ನೂ ಮರೆಯದೆ ನೋಡಿಸಿ. ಏರು ಕಂಡು ಹೆದರಿ ಮಗು ಶಾಲೆ ತಪ್ಪಿಸದಿದ್ದರೆ ಅಷ್ಟೇ ಸಾಕು.